ನೆಗ್ಗಿದ ಡಬ್ಬಿ

"ಇಷ್ಟು ವರ್ಷದಲ್ಲಿ ಕಂಪನಿಯ ಒಂದು ಹುಲ್ಲುಕಡ್ಡಿಯನ್ನೂ ನಾನು ಹೊರಗೆ ಒಯ್ದಿಲ್ಲ."

ವಿಮಾನ ನಿಲ್ದಾಣದ ತಪಾಸಣೆಯ ಸಾಲಿನಲ್ಲಿ ನಿಂತಿದ್ದ ಮುಚ್ಚಳದಕ್ಕ ಈ ಒಂದೇ ವಾಕ್ಯವನ್ನು ತುಟಿಯೊಳಗೆ ಉರು ಹೊಡೆಯುತ್ತಿದ್ದಳು. ಕಾರ್ಮಿಕ ಸಂಘದ ಕಾರ್ಯದರ್ಶಿ ಹಿಂದಿನ ದಿನ ಫೋನಿನಲ್ಲಿ ಹೇಳಿಕೊಟ್ಟಿದ್ದ ವಾಕ್ಯ ಅದು. ಶಾಲೆಯ ಮೇಷ್ಟ್ರ ಹಾಗೆ ಮತ್ತೆ ಮತ್ತೆ ಒಪ್ಪಿಸಿಕೊಂಡು, "ಎಲ್ಲೂ ತಡವರಿಸಬೇಡಿ ಅಕ್ಕಾ. ಕಂಪನಿ ವಕೀಲ ಮೊದಲು ಕೆದಕೋದೇ ಇದನ್ನ. ಕೈ ಶುದ್ಧ ಅಂತ ಎದೆ ತಟ್ಟಿ ಹೇಳೋಕೆ ನಮ್ಮಲ್ಲಿರೋದು ನೀವೊಬ್ಬರೇ" ಎಂದಿದ್ದ.

ಅವಳಿಗೆ ಅದರಲ್ಲಿ ಸುಳ್ಳೇನೂ ಕಂಡಿರಲಿಲ್ಲ. ಒಯ್ದಿಲ್ಲ ಎಂದರೆ ಒಯ್ದಿಲ್ಲ, ಅಷ್ಟೇ.

ಅವಳು ದುಡಿಯುವ ಅಡುಗೆಮನೆ ವಿಮಾನಗಳಿಗೆ ಊಟ ಕಳಿಸುವ ದೊಡ್ಡ ಶೆಡ್ಡು. ರನ್‌ವೇಯ ಬೇಲಿಗೆ ಅಂಟಿಕೊಂಡಿದೆ. ಒಳಗೆ ಉದ್ದಕ್ಕೆ ಬೆಲ್ಟು ಓಡುತ್ತದೆ; ಬೆಲ್ಟಿನ ಎರಡೂ ಬದಿಗೆ ಹೆಂಗಸರು ನಿಂತಿರುತ್ತಾರೆ. ಒಬ್ಬಳು ಅನ್ನ ಹಾಕಿದರೆ ಇನ್ನೊಬ್ಬಳು ಪಲ್ಯ, ಮತ್ತೊಬ್ಬಳು ಬೇಳೆ. ಕಡೆಯಲ್ಲಿ ನಿಂತವಳು ಫಾಯಿಲ್ ಡಬ್ಬಿಯ ಮೇಲೆ ಮುಚ್ಚಳ ಇಟ್ಟು, ಅಂಚನ್ನು ಹೆಬ್ಬೆರಳಿನಿಂದ ಸುತ್ತಲೂ ಮಡಿಸಬೇಕು. ಆ ಜಾಗದಲ್ಲಿ ನಿಂತೂ ನಿಂತೂ ಅವಳ ನಿಜವಾದ ಹೆಸರು ಹಾಜರಿ ಹಾಕುವವರಿಗೂ ಮರೆತುಹೋಗಿತ್ತು. ಅವಳು ಮುಚ್ಚಿದ ಊಟ ದಿನವೂ ಹಾರಿದೆ. ಅವಳು ಹಾರುತ್ತಿರುವುದು ಇವತ್ತೇ ಮೊದಲು.

ಹಾರಬೇಕಾಗಿ ಬಂದದ್ದು ನಾದಿನಿಯಿಂದ. ಗಂಡನ ತಂಗಿ, ಅದೇ ಬೆಲ್ಟಿನಲ್ಲಿ ಬ್ರೆಡ್ಡು ಜೋಡಿಸುತ್ತಿದ್ದವಳು, ಬಾಯಿ ಮಾತ್ರ ಬೆಲ್ಟಿಗಿಂತ ಜೋರು. ಒಂದು ದಿನ ಯಾವುದೋ ವಿಮಾನ ರದ್ದಾಗಿ, ಕಳಿಸಿದ್ದ ಟ್ರಾಲಿಗಳು ಹೋದ ಹಾಗೆಯೇ ವಾಪಸು ಬಂದವು. ಒಂದು ಮುಚ್ಚಳವೂ ಬಿಚ್ಚಿರಲಿಲ್ಲ. ಒಮ್ಮೆ ಹೊರಗೆ ಹೋದದ್ದು ಮತ್ತೆ ಒಳಗೆ ಬರಬಾರದು, ಕಪ್ಪು ಚೀಲಕ್ಕೆ ಹೋಗಬೇಕು ಎನ್ನುವುದು ಅಲ್ಲಿಯ ನಿಯಮ. ನಾದಿನಿ ಚೀಲಕ್ಕೆ ಸುರಿಯುವಾಗ ಒಂದಿಷ್ಟು ಬ್ರೆಡ್ಡನ್ನು ತನ್ನ ಬುತ್ತಿಗೆ ಹಾಕಿಕೊಂಡಳು. ಗೇಟಿನಲ್ಲಿ ಬುತ್ತಿ ಬಿಚ್ಚಿಸಿದರು. ಕಳ್ಳತನ ಎಂದು ಬರೆದು ಕೆಲಸದಿಂದ ತೆಗೆದುಹಾಕಿದರು.

ಸಂಘ ಕೇಸು ಹಾಕಿತು. ವಿಚಾರಣೆ ಕಂಪನಿಯ ಮುಖ್ಯ ಕಚೇರಿಯಿರುವ ದೂರದ ಊರಿನಲ್ಲಿ. ನಾದಿನಿಯೂ ಕಾರ್ಯದರ್ಶಿಯೂ ಮೊದಲೇ ರೈಲಿನಲ್ಲಿ ಹೋಗಿದ್ದರು. ಸಾಕ್ಷಿ ಹೇಳಬೇಕಿದ್ದ ಮುಚ್ಚಳದಕ್ಕನಿಗೆ ಮಾತ್ರ ಅಡುಗೆಮನೆಯವರು ರಜೆಯನ್ನೇ ಕೊಡದೆ ಸತಾಯಿಸಿ, ಕಡೆಗೆ ವಿಚಾರಣೆಯ ಒಂದು ದಿನ ಬಿಟ್ಟುಕೊಟ್ಟರು. ರೈಲಿನಲ್ಲಿ ಹೋದರೆ ಮುಟ್ಟಲಾರಳು ಎಂದು ಗೊತ್ತಿದ್ದೇ ಕೊಟ್ಟ ರಜೆ ಅದು. ಸಂಘದವರು ಹೋಗಿಬರಲು ವಿಮಾನದ ಟಿಕೆಟ್ಟು ತೆಗೆದರು.

"ಅತ್ತಿಗೆ," ನಾದಿನಿ ಫೋನು ಮಾಡಿದ್ದಳು, "ಇಲ್ಲಿ ಹೋಟೆಲ್ ಊಟ ತಿಂದೂ ತಿಂದೂ ನಾಲಿಗೆ ಸತ್ತೇಹೋಗಿದೆ. ಬರೋವಾಗ ಮನೆಯಿಂದ ಒಂದಿಷ್ಟು ಅನ್ನ ಬೇಳೆ ತನ್ನಿ. ಕೇಸು ಸೋತರೂ ಸೋಲಲಿ, ಹೊಟ್ಟೆ ಗೆಲ್ಲಲಿ."

ಹಾಗಾಗಿ ಬೆಳಗ್ಗೆ ಬೇಗ ಎದ್ದು ಬೇಳೆ ಬೇಯಿಸಿದಳು. ಸೋರಬಾರದೆಂದು ಗಟ್ಟಿಯಾಗಿಯೇ ಮಾಡಿದಳು. ಸ್ಟೀಲ್ ಡಬ್ಬಿಯ ಕೊಂಡಿ ಸಡಿಲವಾಗಿತ್ತು. ಮೇಲಿನ ಹಲಗೆಗೆ ಕೈಚಾಚಿ ಒಂದು ಫಾಯಿಲ್ ಡಬ್ಬಿ ಎಳೆದಳು. ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಬೇಳೆ, ಮೂಲೆಗೆ ಪಲ್ಯ. ಮುಚ್ಚಳ ಇಟ್ಟಳು. ಹೆಬ್ಬೆರಳು ತನ್ನಷ್ಟಕ್ಕೆ ಸುತ್ತು ಹಾಕಿತು. ಮಾವ ಕೋಣೆಯಿಂದ, "ಬೇಳೆಗೆ ಉಪ್ಪು ಹಾಕಿದ್ದೀಯಾ? ಅವಳು ಕೋರ್ಟಲ್ಲೂ ಜಗಳ ತೆಗೀತಾಳೆ" ಎಂದು ಕೂಗಿದರು.

ಸಾಲು ಮುಂದೆ ಸರಿಯಿತು. ಮುಂದಿದ್ದ ಗಂಡಸೊಬ್ಬ ನೀರಿನ ಬಾಟಲಿ ಬಿಸಾಡಲು ಮನಸ್ಸು ಬಾರದೆ ಪೂರ್ತಿ ಗಟಗಟ ಕುಡಿದು ಬಿಕ್ಕಳಿಸುತ್ತಿದ್ದ. ಅಜ್ಜಿಯೊಬ್ಬರ ಜಾಮಿನ ಬಾಟಲಿ ಬೆಲ್ಟಿನ ಪಕ್ಕದ ತೊಟ್ಟಿಗೆ ಹೋಯಿತು. "ಮೊಮ್ಮಗೂಗೆ ಕಣಪ್ಪಾ, ನಾನೇ ಮಾಡಿದ್ದು" ಎಂದು ಅವರು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಬಾಟಲಿ ಬಿದ್ದ ಸದ್ದಿಗೆ ಅಜ್ಜಿ ಕಣ್ಣು ಮುಚ್ಚಿಕೊಂಡರು.

ಮುಚ್ಚಳದಕ್ಕನ ಬ್ಯಾಗು ಯಂತ್ರದೊಳಗೆ ಹೋಯಿತು, ನಿಂತಿತು, ಹಿಂದೆ ಬಂತು, ಮತ್ತೆ ಹೋಯಿತು.

"ಈ ಬ್ಯಾಗು ಯಾರದು?" ಕೈಗವಸು ತೊಟ್ಟ ಹುಡುಗಿ ಕೇಳಿದಳು.

"ನಂದೇ ಕಣಮ್ಮಾ."

"ಒಳಗೇನಿದೆ? ಸ್ಕ್ರೀನಲ್ಲಿ ಏನೋ ಗಟ್ಟಿ ಗಡ್ಡೆ ತರ ಕಾಣ್ತಿದೆ."

"ಗಡ್ಡೆ ಅಲ್ಲ, ಊಟ. ಅನ್ನ, ಬೇಳೆ."

"ಬೇಳೆಯಾ? ದ್ರವ ತಗೊಂಡುಹೋಗೋ ಹಾಗಿಲ್ಲ."

"ಇದು ದ್ರವ ಅಂತ ಯಾರು ಹೇಳಿದ್ದು? ನಮ್ಮ ಮನೆ ಬೇಳೆ ನೋಡಿದ್ದೀಯಾ ನೀನು?"

ಹುಡುಗಿಗೆ ನಗು ಬಂತು. ಅವಳು ಅದನ್ನು ಹತ್ತಿಕ್ಕಿಕೊಂಡಳು. ಮುಚ್ಚಳದಕ್ಕ ಅಂಚಿನ ಒಂದು ಬದಿ ಬಿಚ್ಚಿ, ಬ್ಯಾಗಿನಲ್ಲಿದ್ದ ಪ್ಲಾಸ್ಟಿಕ್ ಚಮಚವನ್ನು ಬೇಳೆಯಲ್ಲಿ ಚುಚ್ಚಿ ಕೈಬಿಟ್ಟಳು. ಚಮಚ ಕಾವಲುಗಾರನ ಹಾಗೆ ನೆಟ್ಟಗೆ ನಿಂತಿತು.

"ನೋಡು. ನೀರಲ್ಲಿ ಹೀಗೆ ನಿಲ್ಲುತ್ತಾ?"

ಮುಂದೆ ತನ್ನ ಬ್ಯಾಗು ಎತ್ತಿಕೊಳ್ಳುತ್ತಿದ್ದ ಬಿಕ್ಕಳಿಕೆಯ ಗಂಡಸು, "ನಮ್ಮನೇಲಿ ಮಾಡಿದ್ದಾದ್ರೆ ಚಮಚ ಮುಳುಗಿ ಹೋಗ್ತಿತ್ತು" ಎಂದ. ಹುಡುಗಿ ಈ ಸಲ ನಕ್ಕೇಬಿಟ್ಟಳು. "ಸಾರ್, ಗಟ್ಟಿ ಇದೆ, ಬಿಡಬಹುದು" ಎಂದು ಹಿಂದಕ್ಕೆ ತಿರುಗಿ ಹೇಳಿದಳು.

ಭುಜಕ್ಕೆ ಪಟ್ಟಿಯಿದ್ದ ಅಧಿಕಾರಿ ಬಂದ. ಬೇಳೆಯನ್ನು ಅವನು ನೋಡಲೇ ಇಲ್ಲ. ಮುಚ್ಚಳವನ್ನು ನೋಡಿದ. ಮೇಲೆ ಅಚ್ಚಾಗಿದ್ದ ನೀಲಿ ಹಕ್ಕಿ, ಕೆಳಗೆ ಅಡುಗೆಮನೆಯ ಹೆಸರು. ಡಬ್ಬಿಯನ್ನು ಎತ್ತಿ ತಳ ನೋಡಿದ. ಅಲ್ಲೂ ಅದೇ ಹಕ್ಕಿ.

"ಇದು ವಿಮಾನದೊಳಗೆ ಕೊಡೋ ಊಟದ ಡಬ್ಬಿ. ನಿಮ್ಮ ಹತ್ರ ಹೇಗೆ ಬಂತು?"

"ನಾನು ಅಲ್ಲೇ ಕೆಲಸ ಮಾಡೋದು."

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವಳಿಗೆ ಕೇಳಿಸಿತು.

"ಕೆಲಸ ಮಾಡಿದ್ರೆ ಮನೆಗೆ ತಗೊಂಡು ಹೋಗಬಹುದಾ?"

"ಇದು ನೆಗ್ಗಿದ್ದು ಸಾರ್. ಮೂಲೆ ನೋಡಿ, ನೆಗ್ಗಿದೆ. ನೆಗ್ಗಿದ್ದು ಬೆಲ್ಟಿಗೆ ಹಾಕೋ ಹಾಗಿಲ್ಲ, ಬಿಸಾಡ್ತಾರೆ."

"ಬಿಸಾಡೋದು ಬೇರೆ, ಒಯ್ಯೋದು ಬೇರೆ ಅಲ್ವಾ?"

ನಾದಿನಿಯನ್ನು ಕೆಲಸದಿಂದ ತೆಗೆದ ಕಾಗದದಲ್ಲಿ ಕಂಪನಿ ಬರೆದಿದ್ದ ಮಾತೂ ಇದೇ. ಅದನ್ನು ಓದಿ ಹೇಳಿದಾಗ, "ಥೂ, ಎಂಥ ಮಾತು!" ಎಂದು ಮುಚ್ಚಳದಕ್ಕ ಉಗಿದಿದ್ದಳು. ಈಗ ಅದೇ ಮಾತು ತನ್ನ ಊಟದ ಮೇಲೆ ಬಂದು ಕೂತಿತ್ತು.

ಅಧಿಕಾರಿ ಕೆಟ್ಟವನಂತೇನೂ ಕಾಣಲಿಲ್ಲ. ಸಾಲು ಉದ್ದವಾಗುತ್ತಿತ್ತು, ಅವನಿಗೆ ಅದರ ಚಿಂತೆ. ದನಿ ತಗ್ಗಿಸಿದ. "ನೋಡಿ ಅಮ್ಮ, ನಾನು ನಿಮ್ಮ ಅಡುಗೆಮನೆಗೆ ಹೇಳಿದ್ರೆ ನಿಮಗೇ ತೊಂದರೆ. ಅದನ್ನ ಆ ತೊಟ್ಟಿಗೆ ಹಾಕಿಬಿಡಿ. ನಾನು ನೋಡಿಲ್ಲ, ನೀವು ತಂದಿಲ್ಲ. ಸಲೀಸಾಗಿ ಹೋಗಿ ಬನ್ನಿ."

ಎಷ್ಟು ಸುಲಭ! ತೊಟ್ಟಿ ಕೈಯಳತೆಯಲ್ಲೇ ಇತ್ತು. ಅವಳು ಅಂಚು ಒತ್ತಿಕೊಂಡು ಡಬ್ಬಿ ಎತ್ತಿ ತೊಟ್ಟಿಯ ಬಳಿಗೆ ಹೋದಳು ಕೂಡ. ಅಜ್ಜಿಯ ಜಾಮು ಒಡೆದು ಕೆಂಪಗೆ ಹರಿದಿತ್ತು. ಅದರಡಿಗೆ ಯಾರೋ ಮಗುವಿಗೆ ಕಲಸಿ ತಂದಿದ್ದ ಗಂಜಿ, ಯಾರದೋ ಮೊಸರು, ದಾರ ಕಟ್ಟಿದ ಗಂಟನ್ನು ಬಿಚ್ಚದೆಯೇ ಎಸೆದಿದ್ದ ಒಂದು ಬುತ್ತಿ. ಒಳಗೆ ಹೊದಿಸಿದ್ದು ಅದೇ ಕಪ್ಪು ಚೀಲ. ಅವಳ ಶೆಡ್ಡಿನಲ್ಲಿ ದಿನದ ಕೊನೆಗೆ ಗೋಡೆಯುದ್ದಕ್ಕೂ ಬಾಯಿ ಕಟ್ಟಿಸಿಕೊಂಡು ನಿಲ್ಲುತ್ತಿದ್ದುದು ಇದರದೇ ಬಳಗ.

"ಇದನ್ನೆಲ್ಲ ಏನು ಮಾಡ್ತೀರಿ?" ಹುಡುಗಿಯನ್ನು ಕೇಳಿದಳು.

"ಎಸೀತೀವಿ. ನಾವೂ ಮುಟ್ಟೋ ಹಾಗಿಲ್ಲ. ತಿಂದರೆ ಕೆಲಸ ಹೋಗುತ್ತೆ." ಹುಡುಗಿ ದನಿ ಇಳಿಸಿದಳು. "ಮೊದಮೊದಲು ಮನೆಗೆ ಹೋದ್ರೆ ಊಟ ಸೇರ್ತಿರಲಿಲ್ಲ ಅಕ್ಕಾ. ಈಗ ರೂಢಿಯಾಗಿದೆ."

ರೂಢಿ. ಡಬ್ಬಿ ಇನ್ನೂ ಬೆಚ್ಚಗಿತ್ತು. ತಳದ ಬಿಸಿ ಅಂಗೈಗೆ ತಾಗುತ್ತಿತ್ತು. ಇದನ್ನು ಇಲ್ಲಿ ಬೀಳಿಸಿದರೆ ತಾನು ಉರು ಹೊಡೆದ ವಾಕ್ಯ ಉಳಿಯುತ್ತದೆ. ಆದರೆ ಅದನ್ನು ಉಳಿಸಿಕೊಟ್ಟದ್ದು ಈ ತೊಟ್ಟಿ ಎಂದಾಗುತ್ತದೆ. ಒಳ್ಳೆಯ ಊಟವನ್ನು ತೊಟ್ಟಿಗೆ ಹಾಕುವವರ ವಿರುದ್ಧ ಸಾಕ್ಷಿ ಹೇಳಲು ಹೊರಟವಳು ಬೆಳ್ಳಂಬೆಳಗ್ಗೆ ಮಾಡುತ್ತಿರುವುದಾದರೂ ಏನು?

ಅವಳು ವಾಪಸು ಬಂದು ಡಬ್ಬಿಯನ್ನು ಬೆಲ್ಟಿನ ಮೇಲೆ ಇಟ್ಟಳು.

"ನಾನು ಎಸೆಯೋದಿಲ್ಲ ಸಾರ್. ಫೋನು ಮಾಡೋದಾದ್ರೆ ಮಾಡಿ."

"ಅನ್ನ ಬೇಕಾದ್ರೆ ಕವರಿಗೆ ಹಾಕ್ಕೊಳ್ಳಿ. ಡಬ್ಬಿಯೊಂದು ಎಸೆದುಬಿಡಿ," ಅವನು ಇನ್ನೂ ಒಂದು ಮೆಟ್ಟಿಲು ಇಳಿದ.

"ಡಬ್ಬಿನೂ ಎಸೆಯಲ್ಲ."

"ಏನಮ್ಮ ನಿಮ್ಮ ಹಟ! ಎರಡು ಕಾಸಿನ ಡಬ್ಬಿಗೆ?"

"ನಂದೂ ಅದೇ ಪ್ರಶ್ನೆ ಸಾರ್. ಎರಡು ಕಾಸಿನ ಡಬ್ಬಿಗೆ."

ಹಿಂದಿನ ಸಾಲು ಗೊಣಗತೊಡಗಿತು. ಹುಡುಗಿ ಯಾರ ಮುಖವನ್ನೂ ನೋಡದೆ, "ಸಾರ್, ನಾವು ತಡೆಯಬೇಕಾದ ವಸ್ತುಗಳಲ್ಲಿ ಫಾಯಿಲ್ ಡಬ್ಬಿ ಇಲ್ಲ" ಎಂದಳು. ಅಧಿಕಾರಿ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಜೇಬಿನಿಂದ ಫೋನು ತೆಗೆದು ಮುಚ್ಚಳದ್ದೊಂದು, ಅವಳ ಬೋರ್ಡಿಂಗ್ ಪಾಸಿನದ್ದೊಂದು ಫೋಟೋ ಹೊಡೆದುಕೊಂಡ. "ನಿಮ್ಮವರಿಗೆ ಕಳಿಸ್ತೀನಿ. ಇನ್ನು ನಿಮ್ಮ ತಲೆನೋವು ನಿಮಗೆ. ನಡೀರಿ."

ಬಿಚ್ಚಿದ ಅಂಚನ್ನು ಹುಡುಗಿ ತಾನೇ ಒತ್ತಿ ಕೊಟ್ಟಳು. ಸೊಟ್ಟಪಟ್ಟ ಒತ್ತಿದ್ದಳು, ಪಾಪ.

ವಿಮಾನ ಏರಿದ ಮೇಲೆ ಮುಚ್ಚಳದಕ್ಕ ಕಿಟಕಿಯ ಹೊರಗೆ ನೋಡಲೇ ಇಲ್ಲ. ಮೋಡ ಯಾವತ್ತಿದ್ದರೂ ಇರುತ್ತದೆ. ತೊಡೆಯ ಮೇಲಿನ ಡಬ್ಬಿಯ ಅಂಚನ್ನು ಮತ್ತೆ ಸರಿಯಾಗಿ ಮಡಿಸುತ್ತ ಕೂತಿದ್ದಳು. ನಾನು ಕಳ್ಳಿಯಾ?

ಮನೆಯಲ್ಲಿ ಇಂಥವು ಎಲ್ಲೆಲ್ಲಿವೆ ಎಂದು ನೆನಪು ಮಾಡಿಕೊಂಡಳು. ಒಲೆಯ ಪಕ್ಕ ಉಪ್ಪು ಇಟ್ಟದ್ದು ಒಂದರಲ್ಲಿ. ಗುಂಡಿ, ಸೂಜಿ, ದಾರ ಒಂದರಲ್ಲಿ. ಹಿತ್ತಲಲ್ಲಿ ಮೆಣಸಿನ ಸಸಿ ಎದ್ದಿರುವುದು ಒಂದರಲ್ಲಿ. ಮಾವ ಮಲಗುವ ಮುನ್ನ ಹಲ್ಲಿನ ಸೆಟ್ಟು ಬಿಚ್ಚಿ ನೀರಿನಲ್ಲಿ ಇಡುವುದೂ ಒಂದರಲ್ಲಿ. ಗೇಟಿನಲ್ಲಿ ಬುತ್ತಿ ಬಿಚ್ಚಿಸುವ ಕಾವಲುಗಾರ ತನ್ನ ಬೀಗದ ಕೈಗಳನ್ನು ಹಾಕಿಡುವುದು ಎಲ್ಲಿ? ಅಡುಗೆಮನೆಯ ಮೇಲ್ವಿಚಾರಕನ ಮೇಜಿನ ಮೇಲೆ ಗುಂಡುಸೂಜಿ ತುಂಬಿಕೊಂಡು ಕೂತಿರುವುದೇನು? ಕಂಡ ಕಂಡ ಪಾತ್ರೆಗೆಲ್ಲ ಉಷ್ಣಮಾಪಕ ಚುಚ್ಚುತ್ತ ಓಡಾಡುವ ಆತನಿಗೆ ಹೆಂಗಸರು ಥರ್ಮಾಮೀಟರ್ ಎಂದೇ ಹೆಸರಿಟ್ಟಿದ್ದರು. ಇಡೀ ಶೆಡ್ಡು, ಶೆಡ್ಡಿನ ಹಿಂದಿನ ಇಡೀ ಬೀದಿ, ನೆಗ್ಗಿದ ಡಬ್ಬಿಗಳ ಮೇಲೆ ಬದುಕುತ್ತಿತ್ತು. ಬಿಸಾಡಿದ್ದನ್ನು ಎತ್ತಿಕೊಂಡದ್ದಕ್ಕೆ ಒಯ್ದದ್ದು ಎಂಬ ಹೆಸರಿದೆಯೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಹಾಗಾದರೆ ನಾದಿನಿಯೊಬ್ಬಳೇ ಏಕೆ?

ಅವಳ ಕೈ ಮಡಿಕೆಯ ಮೇಲೆ ನಿಂತಿತು. ಬ್ರೆಡ್ಡಿನ ಗಲಾಟೆಗೆ ಕೆಲವು ದಿನ ಮೊದಲು ನಾದಿನಿ ಬೆಲ್ಟು ನಿಂತ ಹೊತ್ತಿನಲ್ಲಿ ಥರ್ಮಾಮೀಟರನ್ನು ಅಡ್ಡಗಟ್ಟಿ ಕೇಳಿದ್ದಳು: "ಬಸುರಿ ಹೆಂಗಸರು ದಿನವಿಡೀ ನಿಂತೇ ಇರಬೇಕಾ? ಎರಡು ಸ್ಟೂಲು ಹಾಕಿಸಿದ್ರೆ ವಿಮಾನ ಕೆಳಗೆ ಬೀಳುತ್ತಾ?" ಎಲ್ಲರೂ ನಕ್ಕಿದ್ದರು. ಆತ ನಕ್ಕಿರಲಿಲ್ಲ. ಅದಾದ ಮೇಲೆಯೇ ಗೇಟಿನಲ್ಲಿ ಅವಳ ಬುತ್ತಿಯನ್ನು ದಿನವೂ ಬಿಚ್ಚಿಸತೊಡಗಿದ್ದು.

ಯಾರೂ ಪಾಲಿಸಲಾಗದ ನಿಯಮವನ್ನು ಸುಮ್ಮನೆ ಬರೆದಿಟ್ಟಿರುವುದಿಲ್ಲ. ಎಲ್ಲರನ್ನೂ ಕಳ್ಳರನ್ನಾಗಿ ಮಾಡಿಟ್ಟುಕೊಂಡರೆ, ಬೇಕಾದಾಗ ಬೇಕಾದವಳನ್ನು ಹಿಡಿಯಬಹುದು. ಹಿಡಿಯದೆ ಬಿಟ್ಟವರು ತಮ್ಮ ಕೈ ಶುದ್ಧವೆಂದುಕೊಂಡು ಹಿಡಿದವಳಿಂದ ಒಂದು ಹೆಜ್ಜೆ ದೂರ ನಿಲ್ಲುತ್ತಾರೆ. ತಾನೂ ನಿಂತಿದ್ದಳು. ಒಂದೇ ಮನೆಯಲ್ಲಿದ್ದುಕೊಂಡು, ಒಂದೇ ಒಲೆಯ ಊಟ ತಿಂದುಕೊಂಡು, ಒಳಗೊಳಗೇ ಅಂದುಕೊಂಡಿದ್ದಳು: ಇವಳಿಗೆ ಆ ಬ್ರೆಡ್ಡು ಬೇಕಿತ್ತಾ?

ಗಗನಸಖಿ ಊಟದ ಟ್ರೇ ತಂದಿಟ್ಟಳು. ನೀಲಿ ಹಕ್ಕಿಯ ಮುಚ್ಚಳ. ಅಂಚು ನೋಡಿದ ಕೂಡಲೇ ಗೊತ್ತಾಯಿತು, ಇದು ತನ್ನ ಜಾಗದಲ್ಲಿ ಇವತ್ತು ನಿಂತ ಹೊಸಬಳ ಕೈ. ಮೂಲೆಯನ್ನು ಎರಡೆರಡು ಸಲ ಮಡಿಸುತ್ತಾಳೆ, ಹೆದರಿಕೆ. ಕಿರುಮೇಜಿನ ಮೇಲೆ ಎರಡು ಡಬ್ಬಿ ಅಕ್ಕಪಕ್ಕ ಕೂತವು. ಒಂದು ಫಳಫಳ, ಇನ್ನೊಂದರ ಮೂಲೆ ನೆಗ್ಗಿತ್ತು. ಪಕ್ಕದ ಸೀಟಿನವನು ತನ್ನದರ ಮುಚ್ಚಳ ಎತ್ತಿ, ಮೂಸಿ, ಒಂದು ಚಮಚ ತಿಂದು ಮುಚ್ಚಿದ. ಬ್ರೆಡ್ಡನ್ನು ಮುಟ್ಟಲೂ ಇಲ್ಲ.

"ತಿನ್ನಲ್ವಾ?" ಕೇಳಿದಳು.

"ಸಪ್ಪೆ. ಯಾರು ಮಾಡ್ತಾರೋ ಏನೋ."

"ನಾವೇ ಮಾಡೋದು," ಎಂದಳು ಮುಚ್ಚಳದಕ್ಕ. ಅವನು ಅವಳ ಮುಖ, ಅವಳ ಎರಡು ಡಬ್ಬಿ, ಮತ್ತೆ ಮುಖ ನೋಡಿ ಇಯರ್‌ಫೋನ್ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಗಗನಸಖಿ ಬಂದು ಅವನ ಟ್ರೇಯನ್ನು ಬ್ರೆಡ್ಡಿನ ಸಮೇತ ಟ್ರಾಲಿಯೊಳಗೆ ತಳ್ಳಿದಳು. ಮುಚ್ಚಳದಕ್ಕ ತನ್ನ ಪಾಲಿನದನ್ನು ಒಂದು ಅಗುಳೂ ಬಿಡದೆ ತಿಂದಳು. ಸಪ್ಪೆ ನಿಜ.

ಇಳಿದು ಹೊರಗೆ ಬಂದಾಗ ನಾದಿನಿ ದೂರದಿಂದಲೇ ಕೈಬೀಸಿದಳು. "ಅತ್ತಿಗೆ! ಮೇಲೆ ಹೋಗಿ ಬಂದಿರಿ, ಇನ್ನು ನಮ್ಮನ್ನೆಲ್ಲ ಮಾತಾಡಿಸ್ತೀರೋ ಇಲ್ಲವೋ? ಊಟ ತಂದ್ರಾ?"

ನ್ಯಾಯಾಲಯದ ಕಾರಿಡಾರಿನ ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ನಾದಿನಿ ಕೈಹಾಕಿ ತಿನ್ನುತ್ತಿದ್ದಳು. ಮುಚ್ಚಳದಕ್ಕ ಬೆಳಗಿನ ಕಥೆ ಹೇಳುತ್ತ ಹೋದಂತೆ ಕಾರ್ಯದರ್ಶಿಯ ಮುಖ ಬಿಳಿಚಿಕೊಳ್ಳುತ್ತ ಹೋಯಿತು.

"ಫೋಟೋ ತೆಗೆದ್ರಾ? ಅಕ್ಕಾ, ನೀವು ನಮ್ಮ ಬುಡಕ್ಕೇ ಕೊಡಲಿ ಹಾಕಿದ್ರಲ್ಲ! ಈಗ್ಲೇ ಅದನ್ನ ಎಲ್ಲಾದ್ರೂ ಬಿಸಾಡಿ. ಯಾರೋ ಕೊಟ್ಟಿದ್ದು, ನನ್ನದಲ್ಲ ಅಂದುಬಿಡಿ. ಹುಲ್ಲುಕಡ್ಡಿ ವಾಕ್ಯ ಒಂದನ್ನೇ ಹಿಡ್ಕೊಳ್ಳಿ."

"ಒಯ್ದಿದ್ದೀನಲ್ಲಪ್ಪ. ಮನೇಲಿ ಇನ್ನೂ ಇದಾವೆ."

"ಅದನ್ನ ನಾನು ಕೇಳಿಸ್ಕೊಂಡಿಲ್ಲ!" ಅವನು ಕಿವಿ ಮುಚ್ಚಿಕೊಂಡ.

ನಾದಿನಿ ತುತ್ತು ನಿಲ್ಲಿಸಿದಳು. ಅವಳ ನಗು ಎಲ್ಲೋ ಹೋಗಿತ್ತು. "ಅತ್ತಿಗೆ, ಅವನು ಹೇಳಿದ ಹಾಗೆ ಮಾಡಿ. ನಂದಂತೂ ಹೋಯ್ತು. ನಿಮ್ಮದೂ ಹೋದ್ರೆ ಮನೆ ನಡೆಯೋದು ಹೇಗೆ? ಅಣ್ಣನಿಗೆ ಕೆಲಸ ಇದ್ದರೆ ಇದೆ, ಇಲ್ಲದಿದ್ರೆ ಇಲ್ಲ. ಅಪ್ಪನ ಔಷಧಿ ಇದೆ. ನನಗೋಸ್ಕರ ನೀವು ಬಾವಿಗೆ ಹಾರಬೇಡಿ."

"ನಿನಗೋಸ್ಕರ ಅಂತ ಯಾರು ಹೇಳಿದ್ದು?" ಮುಚ್ಚಳದಕ್ಕ ಗದರಿದಳು. "ಸುಮ್ನೆ ತಿನ್ನು. ಉಪ್ಪು ಸರಿ ಇದೆಯಾ?"

"ಸ್ವಲ್ಪ ಮುಂದಿದೆ."

"ನಿಮ್ಮಪ್ಪ ಕೂಗಿದ್ದಕ್ಕೆ ಇನ್ನೊಂದು ಚಿಟಿಕೆ ಬಿತ್ತು."

ಕೋಣೆ ಚಿಕ್ಕದು. ಫ್ಯಾನು ತಿರುಗುವಾಗ ಕಾಗದಗಳ ಮೇಲೆ ಇಟ್ಟಿದ್ದ ಕಲ್ಲುಗಳು ಅಲುಗುತ್ತಿದ್ದವು. ನ್ಯಾಯಾಧೀಶೆ ಕನ್ನಡಕವನ್ನು ಹಣೆಗೇರಿಸಿಕೊಂಡು ಕೂತಿದ್ದರು. ಒಂದು ಬದಿಗೆ ಕಂಪನಿಯ ವಕೀಲ, ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿಯಲ್ಲಿ ಥರ್ಮಾಮೀಟರ್. ಆತ ಹಿಂದಿನ ದಿನವೇ ಬಂದು ಉಳಿದಿದ್ದ. ಆತನ ರಜೆಗೆ ಯಾರೂ ತಕರಾರು ಮಾಡಿರಲಿಲ್ಲ. ಮುಚ್ಚಳದಕ್ಕ ಸಾಕ್ಷಿಯ ಜಾಗಕ್ಕೆ ಹೋಗುವಾಗ ಆತ ವಕೀಲನ ಕಡೆಗೆ ಬಾಗಿ ತನ್ನ ಫೋನು ಕೊಟ್ಟ. ವಕೀಲ ನೋಡಿ ಹಲ್ಲು ಕಾಣದಂತೆ ನಕ್ಕ. ಫೋನನ್ನು ಕೈಯಲ್ಲೇ ಹಿಡಿದುಕೊಂಡ. ಫೋಟೋ ಅವಳಿಗಿಂತ ಮೊದಲೇ ಬಂದು ತಲುಪಿತ್ತು.

"ಅಮ್ಮ, ನೀವು ಬಹಳ ವರ್ಷದ ಕೆಲಸದವರು. ಗೌರವಸ್ಥರು." ಅವನ ದನಿಯಿಂದ ಬೆಣ್ಣೆ ಸೋರುತ್ತಿತ್ತು. "ಒಂದೇ ಪ್ರಶ್ನೆ. ನೀವು ಯಾವತ್ತಾದರೂ ಕಂಪನಿಯ ವಸ್ತುವನ್ನು ಹೊರಗೆ ಒಯ್ದಿದ್ದೀರಾ? ಚೆನ್ನಾಗಿ ಯೋಚಿಸಿ ಹೇಳಿ."

ಕಾರ್ಯದರ್ಶಿ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ವಾಕ್ಯ ಅವಳ ನಾಲಿಗೆಯ ತುದಿಯಲ್ಲೇ ಕೂತಿತ್ತು. ಬಾಯಿ ತೆರೆದರೆ ಸಾಕು, ತಾನಾಗಿ ಉದುರುತ್ತಿತ್ತು. ಮಾವನ ಔಷಧಿಯ ಬಗ್ಗೆ ನಾದಿನಿ ಹೇಳಿದ್ದು ನೆನಪಾಯಿತು.

ಅವಳು ಬ್ಯಾಗಿಗೆ ಕೈಹಾಕಿ ಡಬ್ಬಿ ತೆಗೆದು ಮುಂದಿನ ಕಟ್ಟೆಯ ಮೇಲೆ ಇಟ್ಟಳು.

"ಹುಲ್ಲುಕಡ್ಡಿ ಒಯ್ದಿಲ್ಲ ಸಾರ್. ಇದನ್ನ ಒಯ್ದಿದ್ದೀನಿ."

ವಕೀಲನ ಕೈಯಲ್ಲಿದ್ದ ಫೋನು ಅರ್ಧಕ್ಕೆ ಎದ್ದು, ಮೆಲ್ಲಗೆ ಬೋರಲಾಗಿ ಮೇಜಿನ ಮೇಲೆ ಮಲಗಿತು.

"ಅಂದರೆ... ಕದ್ದದ್ದನ್ನು ನೀವೇ ಒಪ್ಪಿಕೊಳ್ತಿದ್ದೀರಿ."

"ಒಯ್ದದ್ದನ್ನ ಒಪ್ಪಿಕೊಳ್ತಿದ್ದೀನಿ. ನೆಗ್ಗಿದೆ ನೋಡಿ. ನೆಗ್ಗಿದ್ದನ್ನ ನಾನೇ ಆರಿಸಿ ಚೀಲಕ್ಕೆ ಹಾಕೋದು, ಅದೂ ನನ್ನ ಕೆಲಸವೇ. ಹಾಕೋವಾಗ ಒಂದು ನನ್ನ ಬುತ್ತಿಯೊಳಗೆ ಬರುತ್ತೆ. ಬೆಳಗ್ಗೆ ಇದಕ್ಕೆ ಅನ್ನ ತುಂಬೋವಾಗ ಇದು ಕಳ್ಳತನ ಅಂತ ನನಗೆ ಅನ್ನಿಸ್ಲೇ ಇಲ್ಲ. ಇದೇ ಅನ್ನ ನಮ್ಮ ನಾದಿನಿಗೆ ತಂದಿದ್ದು, ಹೊರಗೆ ಕೂತು ತಿಂದಳು. ಅವಳು ಒಯ್ದದ್ದೂ ಚೀಲಕ್ಕೆ ಹೋಗೋ ಬ್ರೆಡ್ಡೇ. ಅವಳು ಕಳ್ಳಿ ಆದ್ರೆ ನಾನೂ ಕಳ್ಳಿ. ನನ್ನನ್ನ ಇಷ್ಟು ವರ್ಷ ಯಾಕೆ ಹಿಡೀಲಿಲ್ಲ ಅಂತ ಕೇಳಿ. ನಾನು ಯಾವತ್ತೂ ಸ್ಟೂಲು ಕೇಳಿರಲಿಲ್ಲ, ಅದಕ್ಕೆ."

ನ್ಯಾಯಾಧೀಶೆಯ ಕನ್ನಡಕ ಹಣೆಯಿಂದ ಮೂಗಿಗೆ ಇಳಿಯಿತು. "ಏನು ಸ್ಟೂಲು?"

ಅವಳು ಹೇಳಿದಳು. ಬಸುರಿ ಹೆಂಗಸರು, ನಿಂತ ಕಾಲು, ಅಡ್ಡಗಟ್ಟಿ ಕೇಳಿದ ಮಾತು, ಅದಾದ ಮೇಲೆ ದಿನವೂ ಬಿಚ್ಚಿಸಿದ ಬುತ್ತಿ. ಎಲ್ಲೂ ತಡವರಿಸಲಿಲ್ಲ. ಇದನ್ನು ಯಾರೂ ಉರು ಹೊಡೆಸಿರಲಿಲ್ಲ.

ವಕೀಲ ಸಾವರಿಸಿಕೊಂಡ. "ಸರಿ. ನಿಮ್ಮ ಹಾಗೆ ಇನ್ನೂ ಯಾರು ಯಾರು ಒಯ್ತಾರೆ? ಹೆಸರು ಹೇಳಿ."

ಅವಳ ಕಣ್ಣು ತಾನಾಗಿಯೇ ಥರ್ಮಾಮೀಟರಿನ ಮೇಲೆ ಹೋಗಿ ನಿಂತಿತು. ಆತನಿಗೆ ಗೊತ್ತಾಯಿತು. ಕೈ ಅಂಗಿಯ ಗುಂಡಿಗೆ ಹೋಯಿತು, ಅಲ್ಲಿಂದ ಕತ್ತಿಗೆ. ಅಡುಗೆಮನೆಯಲ್ಲಿ ಆತನ ಮೇಜಿನ ಮೇಲೆ ಫಾಯಿಲ್ ಡಬ್ಬಿಯಲ್ಲಿದ್ದ ಗುಂಡುಸೂಜಿಗಳು ಇಬ್ಬರ ಕಣ್ಣಲ್ಲೂ ಮಿನುಗಿದವು. ಒಂದು ಮಾತು ಸಾಕಿತ್ತು. ಆ ಮಾತಿನ ಹಿಂದೆಯೇ ಕಾವಲುಗಾರ, ಮುಚ್ಚಳ ಮಡಿಸುವ ಹೊಸಬಳು, ಬೀದಿಯ ಪ್ರತಿಯೊಂದು ಒಲೆ ಸಾಲಾಗಿ ಎದ್ದು ಬರುತ್ತಿದ್ದವು.

"ನಾನು ನನ್ನ ಕೈ ಬಗ್ಗೆ ಹೇಳೋಕೆ ಬಂದಿದ್ದು ಸಾರ್. ಬೇರೆಯವರ ಕೈ ಅವರವರ ಹತ್ರ ಇದೆ."

ನ್ಯಾಯಾಧೀಶೆ ಮೇಲ್ವಿಚಾರಕನ ಕಡೆಗೆ ತಿರುಗಿದರು. "ನೀವು ಹೇಳಿ. ಬಿಸಾಡಿದ ಡಬ್ಬಿಗಳನ್ನು ಕೆಲಸದವರು ಒಯ್ಯೋದನ್ನ ನಿಮ್ಮಲ್ಲಿ ತಡೆಯೋದುಂಟಾ?"

ಆತ ಎದ್ದು ನಿಂತ. ವಕೀಲನನ್ನು ನೋಡಿದ, ಡಬ್ಬಿಯನ್ನು ನೋಡಿದ. "ಡಬ್ಬಿಗೆ... ಅಷ್ಟಾಗಿ ಗಮನ ಕೊಡೋದಿಲ್ಲ ಮೇಡಂ" ಎಂದ.

"ಅಂದರೆ ಕೆಲವರ ಬುತ್ತಿಗೆ ಮಾತ್ರ ಗಮನ ಕೊಡ್ತೀರಿ."

ನ್ಯಾಯಾಧೀಶೆ ಏನನ್ನೋ ಬರೆದುಕೊಂಡು ಮುಂದಿನ ತಾರೀಖು ಕೊಟ್ಟರು. ತೀರ್ಪು ಅವತ್ತೇ ಬರುವಂಥದ್ದಲ್ಲ. ಡಬ್ಬಿಯನ್ನು ಸಾಕ್ಷ್ಯವಾಗಿ ಇಟ್ಟುಕೊಳ್ಳಬೇಕೆಂದು ಮಾತ್ರ ಹೇಳಿದರು.

ಗುಮಾಸ್ತ ಬಂದು ಎರಡು ಬೆರಳಿನಿಂದ ಎತ್ತಲು ಹೋಗಿ ಮೂಗು ಮುರಿದ. ಮೂಲೆಯಲ್ಲಿ ಬೇಳೆ ಒಣಗಿ ಅಂಟಿತ್ತು.

"ತಾಳಿ," ಎಂದಳು ಮುಚ್ಚಳದಕ್ಕ. "ಎಂಜಲು ಇದೆ. ತೊಳೆದು ಕೊಡ್ತೀನಿ."

ಕಾರಿಡಾರಿನ ತುದಿಯ ನಲ್ಲಿಯಲ್ಲಿ ಅವಳು ತೊಳೆಯುತ್ತಿದ್ದಾಗ ಥರ್ಮಾಮೀಟರ್ ಪಕ್ಕದಲ್ಲೇ ಹಾದುಹೋದ. ಹೋದವನು ನಿಂತ. "ನಾಳೆ ಕೆಲಸಕ್ಕೆ ಬರ್ತೀರಾ?" ಎಂದ. ಬೆದರಿಕೆಯೋ, ಬಿನ್ನಹವೋ, ಅವನಿಗೇ ತಿಳಿದಂತಿರಲಿಲ್ಲ.

"ಬರ್ತೀನಿ. ಗೇಟು ತೆಗೆಯೋದು ಬಿಡೋದು ನಿಮಗೆ ಬಿಟ್ಟಿದ್ದು."

ಆತ ಹೋದ ಮೇಲೆ ನಾದಿನಿ ಬಂದು ಗೋಡೆಗೊರಗಿ ನಿಂತಳು. "ಗೇಟು ತೆಗೀದಿದ್ರೆ?" ಎಂದಳು.

"ತೆಗೀದಿದ್ರೆ ಹೊರಗೇ ನಿಲ್ತೀವಿ. ಅಷ್ಟು ವರ್ಷ ಒಳಗೆ ನಿಂತಿಲ್ವಾ?" ಹೆಬ್ಬೆರಳಿನಿಂದ ಮೂಲೆಯ ಬೇಳೆಯನ್ನು ಉಜ್ಜುತ್ತಲೇ ಇದ್ದಳು. ನೆಗ್ಗಿದ ಜಾಗ, ಬೇಗ ಬಿಡುತ್ತಿರಲಿಲ್ಲ. "ಒಂದು ಸ್ಟೂಲು ಮನೆಯಿಂದಲೇ ತಗೊಂಡು ಹೋಗೋಣ."

"ನಮ್ಮನೇಲಿರೋದು ಒಂದೇ ಸ್ಟೂಲು. ಅಪ್ಪ ಅದರ ಮೇಲೆ ಹಲ್ಲಿನ ಡಬ್ಬಿ ಇಟ್ಕೋತಾರೆ."

"ಅಯ್ಯೋ, ಆ ಡಬ್ಬಿ!" ಮುಚ್ಚಳದಕ್ಕನಿಗೆ ನಗು ತಡೆಯಲಾಗಲಿಲ್ಲ. "ಅದನ್ನೂ ಸಾಕ್ಷ್ಯಕ್ಕೆ ಕೊಡಬೇಕು ಅಂದ್ರೆ ಏನು ಮಾಡೋದೇ?"

ಡಬ್ಬಿಯನ್ನು ಕೊಡವಿ, ಸೆರಗಿನಿಂದ ಒರೆಸಿ, ಮುಚ್ಚಳ ಇಟ್ಟಳು. ಅಂಚನ್ನು ಮಡಿಸಲು ಹೆಬ್ಬೆರಳು ತಾನಾಗಿಯೇ ಹೊರಟಿತು. ಅವಳು ತಡೆದಳು. ಅವರೇ ತೆರೆದು ನೋಡಲಿ ಎಂದು ಮುಚ್ಚಳವನ್ನು ಹಾಗೆಯೇ ಸಡಿಲ ಬಿಟ್ಟು, ಗುಮಾಸ್ತನನ್ನು ಹುಡುಕಿಕೊಂಡು ಒಳಗೆ ಹೋದಳು.